9ನೇ ಕ್ಲಾಸಿನ ಹುಡುಗನ್ನ 'ಹೆಣ್ಣಿಗ' ಅಂತ ಕಾಡ್ಸ್ತಾರ, ಕ್ಲಾಸಿನಾಗ ಇದನ್ನ ಹೆಂಗ ಹೇಳೋದು?

ಮೇಡಂ, ನೀವು ಸೇಡಂ ಕಡಿ ಹೈಸ್ಕೂಲಿಗೆ ಹೊಸದಾಗಿ ಬಂದೀರಿ, 9ನೇ ಕ್ಲಾಸಿನ ಒಬ್ಬ ಹುಡುಗನ ನಡಿಗಿ, ಮಾತು ನೋಡಿ ಉಳಿದವ್ರು ಹೆಣ್ಣಿಗ, ಛಕ್ಕಾ ಅಂತ ಕರಿತಾರ, ಅವ ಸಾಲಿಗೇ ಸರಿಯಾಗಿ ಬರವಲ್ಲ, ಇದರ ಬಗ್ಗೆ ಪಾಠ ಮಾಡ್ತೀನಿ ಅಂದ್ರ ಹೆಡ್ ಮಾಸ್ತರು ಮೊದ್ಲು ರಿಸಲ್ಟ್ ನೋಡ್ರಿ ಅಂತಾರ ಅಂತ ಕೇಳೀರಿ. ನಾನು ಯಾದಗಿರಿ ಜಿಲ್ಲಾದಾಗ ಸರ್ಕಾರಿ ಹೈಸ್ಕೂಲಿನಾಗ ವಿಜ್ಞಾನ ಹೇಳ್ತೀನಿ, ಈ ಪಾಠ ಪ್ರತಿ ವರ್ಷ ಮಾಡ್ತೀನಿ, ಅದಕ್ಕ ಸ್ವಲ್ಪ ಉದ್ದ ಬರಿಲಿಕತ್ತೀನಿ.

ಸಲಿಂಗ ಪ್ರೇಮ ಅಂದ್ರೇನು ಅಂತ ದಯವಿಟ್ಟು ಶುರು ಮಾಡಬ್ಯಾಡ್ರಿ. ಹಂಗ ಅಂದ ಕೂಡ್ಲೆ ಇಡೀ ಕ್ಲಾಸ್ ತಿರುಗಿ ಆ ಹುಡುಗನ ಮಾರಿ ನೋಡ್ತದ. ಅವ ಗೇ ಹೌದೋ ಅಲ್ಲೋ ನಮಗ ಗೊತ್ತಿಲ್ಲ, ಅವಗೇ ಇನ್ನೂ ಗೊತ್ತಿರ್ಲಿಕ್ಕಿಲ್ಲ, ನಾವು ತಿಳ್ಕೊಬೇಕಾದ ಗರಜೂ ಇಲ್ಲ. ಮೆತ್ತಗ ಮಾತಾಡ್ತಾನ, ಕಬಡ್ಡಿ ಆಡಂಗಿಲ್ಲ, ಹುಡುಗ್ಯಾರ ಜೋಡಿ ಕೂಡ್ತಾನ, ಅಷ್ಟಕ್ಕೇ ನಮ್ಮ ಕಡಿ ಹೆಸರು ಬೀಳ್ತದ. ನಿಮ್ಮ ಪಾಠ ನಗೋ ಮಂದಿಗೆ ಇರ್ಲಿ. ಕರಿಯೋರು ಇಬ್ರೋ ಮೂವರೋ ಇರ್ತಾರ, ಅವ್ರಿಗೆ ಧೈರ್ಯ ಕೊಡೋದು ಹಿಂದಿನ ಬೆಂಚಿನ ನಗಿ, ಅದು ನಿಂತ್ರ ಅರ್ಧ ಚ್ಯಾಷ್ಟಿ ಅಲ್ಲೇ ನಿಲ್ತದ.

ನಾ ಏನ್ ಮಾಡ್ತೀನಂದ್ರ ಎಲ್ಲರಿಗೂ ಒಂದೇ ಅಳತಿ ಚೀಟಿ ಕೊಡ್ತೀನಿ, ಹೆಸರು ಬರಿಬ್ಯಾಡ್ರಿ ಅಂತೀನಿ, "ಈ ಸಾಲ್ಯಾಗ ನನಗ ಯಾವ ಜಾಗಕ್ಕ ಹೋಗ್ಲಿಕ್ಕ ಅಂಜಿಕಿ ಆಗ್ತದ, ಯಾಕ" ಅಂತ ಬರಿಸ್ತೀನಿ. ಅಕ್ಷರ ಗುರುತು ಹತ್ತಬಾರ್ದು ಅಂತ ನಾನೇ ಓದಿ ವಿಷಯ ಅಷ್ಟೇ ಬೋರ್ಡಿನ ಮ್ಯಾಲ ಹಾಕ್ತೀನಿ, ಯಾರದು ಅಂತ ಗೊತ್ತಾಗೋ ಚೀಟಿ ಇದ್ರ ಕಿಸೆದಾಗ ಇಟ್ಕೋತೀನಿ. ಸಂಡಾಸ್, ಪಿಟಿ ಪೀರಿಯಡ್, ಬಸ್ ಸ್ಟ್ಯಾಂಡ್, ಹಾಸ್ಟೆಲ್ ರೂಮು, ಇವೇ ಬರ್ತಾವ. ಸಂಡಾಸಿಗೆ ಹೋಗಬಾರ್ದು ಅಂತ ದಿನಾ ನೀರೇ ಕುಡಿಯದ ಮಕ್ಕಳು ಇರ್ತಾರ ಮೇಡಂ, ಈ ಬಿಸಿಲಿನ ಊರಾಗ. ಆಮ್ಯಾಲ ಕೇಳ್ತೀನಿ, ನಿಮ್ಮ ಎದುರು ಹಿಂಗ ನಡೆದ್ರ ಜಗಳ ಆಡದ ಏನ್ ಮಾಡಬಹುದು? ಉತ್ತರ ಅವ್ರ ಕಡಿಂದೇ ಬರ್ತಾವ, ಹೋಗಿ ಅವನ ಬಾಜು ಕೂಡೋದು, ಮಾತು ಬ್ಯಾರೆ ಕಡಿ ತಿರುಗ್ಸೋದು, ಸಂಡಾಸಿಗೆ ಜೋಡಿ ಹೋಗೋದು, ಸರಿಗೆ ಹೇಳೋದು. ನಾಟಕ ಮಾತ್ರ ಮಾಡಿಸಬ್ಯಾಡ್ರಿ, ಯಾರೋ ಒಬ್ಬ ಸೊಂಟ ತಿರುವಿ ನಡೀತಾನ, ಅಲ್ಲಿಗೆ ಪಾಠನೇ ಹೊಸ ಚ್ಯಾಷ್ಟಿ ಆಗ್ತದ.

ಒಂದು ವಾತಾವರಣ ಆದ ಮ್ಯಾಲ ಸಲಿಂಗ ಪ್ರೇಮದ ಬಗ್ಗೆ ಮಕ್ಕಳೇ ಕೇಳ್ತಾರ, ಆಗ ಮುಚ್ಚುಮರಿ ಇಲ್ದ ಹೇಳ್ರಿ. ಇದು ರೋಗ ಏನ್ರಿ ಸರ್? ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ 1990ರಾಗೇ ರೋಗದ ಪಟ್ಟಿಯಿಂದ ತಗದದ. ಅಪರಾಧ ಏನ್ರಿ? 2018ರ ಸೆಪ್ಟೆಂಬರ್ 6ಕ್ಕ ಸುಪ್ರೀಂ ಕೋರ್ಟ್ ಆಗಿನ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ತೀರ್ಪು ಕೊಟ್ಟದ, ವಯಸ್ಸಿಗೆ ಬಂದವ್ರು ಒಪ್ಪಿಗಿಯಿಂದ ಕೂಡಿ ಇದ್ರ ಅಪರಾಧ ಅಲ್ಲ. ತಾಯತ ಕಟ್ಟಿಸಿದ್ರ, ಮಂತ್ರಸಿದ್ರ ಹೋಗ್ತದೇನ್ರಿ? ಇದು ಹೋಗಬೇಕಾದ್ದೇ ಅಲ್ಲ ಅಂತೀನಿ, ಬದಲ ಮಾಡ್ತೀನಿ ಅನ್ನೋ ಡಾಕ್ಟರ್ ಮ್ಯಾಲೇ ಕ್ರಮ ತಗೋಬಹುದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಾಗ ಹೇಳ್ಯದ. ಮತ್ತ ಇದನ್ನೂ ಹೇಳ್ರಿ, ಒತ್ತಾಯ ಮಾಡಿ ಬಟ್ಟಿ ಎಳೆಯೋದು, ಮೈ ಮುಟ್ಟಿ ಪರೀಕ್ಷಾ ಮಾಡೋದು ಆಟ ಅಲ್ಲ, ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡಿಯೋ ಪೋಕ್ಸೊ ಕಾಯ್ದಿಗೆ ಬರಬಹುದು, ಗೊತ್ತಾದವ್ರು ಪೊಲೀಸ್ರಿಗೆ ತಿಳಿಸಲೇಬೇಕು.

ನಾ ಜೇಡರ ದಾಸಿಮಯ್ಯನ್ನೂ ತರ್ತೀನಿ, ಸುರಪುರ ಕಡಿ ಮುದನೂರಿನವ, ನಮ್ಮವ. ಗಡ್ಡ ಮೀಸಿ ನೋಡಿ ಗಂಡು ಅಂತೀರಿ, ಒಳಗ ಸುಳಿಯೋ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಅಂದಾನ. ಸಲಿಂಗ ಪ್ರೇಮದ ಮಾತು ಅಲ್ಲ ಅದು, ಹಂಗ ಎಳೆದು ಹೇಳಬ್ಯಾಡ್ರಿ, ಆದ್ರ ಇದೆಲ್ಲಾ ಹೊರಗಿಂದ ಬಂದದ್ದು ಅನ್ನೋ ಪಾಲಕರ ಎದುರು ಮಾತು ಶುರು ಮಾಡ್ಲಿಕ್ಕ ಭಾಳ ಛಲೋ.

ಮನಸ್ಸಿನ ಆರೋಗ್ಯದ ಬಗ್ಗೆ ಒಂದೇ ಮಾತು ಗಟ್ಟಿಯಾಗಿ ಹೇಳ್ರಿ, ಇಂಥ ಮಕ್ಕಳು ಕುಗ್ಗೋದು ಅವ್ರು ಹಂಗ ಇರೋದ್ರಿಂದ ಅಲ್ಲ, ದಿನಾ ಅನ್ನಿಸಿಕೊಂಡು ಒಬ್ರೇ ಆಗಿ ಕುಗ್ತಾರ. ನಿದ್ದಿ ಹೋಗೋದು, ಊಟ ಬಿಡೋದು, ಮಾರ್ಕ್ಸ್ ಒಮ್ಮಿಂದೊಮ್ಮೆ ಇಳಿಯೋದು, ಸಾಲಿ ಬಿಟ್ಟು ಪುಣೆ ಬೆಂಗಳೂರಿಗೆ ದುಡಿಲಿಕ್ಕ ಹೋಗ್ತೀನಿ ಅನ್ನೋದು, ಇವು ಕಂಡ್ರ ಒಬ್ಬನ್ನೇ ಕೂಡಿಸಿ ಮಾತಾಡ್ರಿ. ಸಾಯಬೇಕು ಅನಿಸ್ತದೇನಪ್ಪ ಅಂತ ನೇರ ಕೇಳ್ರಿ, ಕೇಳಿದ್ರ ತಲ್ಯಾಗ ಹುಳ ಬಿಟ್ಟಂಗ ಆಗ್ತದ ಅನ್ನೋದು ಸುಳ್ಳು. ಹೌದು ಅಂದ್ರ ಗುಟ್ಟಾಗಿ ಇಡ್ತೀನಿ ಅಂತ ಮಾತು ಕೊಡಬ್ಯಾಡ್ರಿ, ಅವತ್ತೇ ಜಿಲ್ಲಾ ಆಸ್ಪತ್ರಿ ಮನೋರೋಗ ವಿಭಾಗಕ್ಕ ಕರಕೊಂಡು ಹೋಗೋ ವ್ಯವಸ್ಥಾ ಮಾಡ್ರಿ, ಕಾರಣ ಹೇಳದೇ ಇದ್ರೂ ಹೊಲಕ್ಕ ಹೊಡಿಯೋ ಎಣ್ಣಿ ಕೀಲಿ ಹಾಕಿ ಇಡ್ರಿ ಅಂತ ಮನ್ಯಾಗ ಹೇಳ್ರಿ. ತೊಗರಿ, ಹತ್ತಿ ಬೆಳೆಯೋ ನಮ್ಮ ಮನಿಗಳಾಗ ಅದು ಕೈಗೆ ಸಿಗಂಗೇ ಇರ್ತದ.

ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಪುಕ್ಕಟ, ರಾತ್ರಿ ಹಗಲು, ಕನ್ನಡದಾಗೇ ಮಾತಾಡ್ತಾರ. ಮಕ್ಕಳ ಸಹಾಯವಾಣಿ 1098. ನೋಟಿಸ್ ಬೋರ್ಡಿಗೆ ಹಚ್ಚಿದ್ರ ಎಲ್ಲರ ಮುಂದ ನಿಂತು ಯಾರೂ ಬರಕೊಳ್ಳಂಗಿಲ್ಲ, ಸಂಡಾಸಿನ ಬಾಗಿಲದ ಒಳಗಿನ ಕಡಿ ಹಚ್ರಿ. ಮಕ್ಕಳ ಹತ್ರ ಸ್ವಂತ ಫೋನ್ ಇರಂಗಿಲ್ಲ, ನಿಮ್ಮ ಫೋನ್ ಕೊಟ್ಟು ದೂರ ನಿಂದ್ರಿ.

ಇನ್ನ ಹೆಡ್ ಮಾಸ್ತರು. 2024ರ ಎಸ್ಸೆಸ್ಸೆಲ್ಸಿದಾಗ ಯಾದಗಿರಿ ಕೊನಿಗೆ, 2025ರಾಗ ಕಲಬುರಗಿ ಕೊನಿಗೆ, ಅವ್ರ ಮ್ಯಾಲ ಒತ್ತಡ ಖರೇನೇ ಅದ. ಅದನ್ನೇ ಹಿಡಕೊಂಡು ಹೋಗ್ರಿ, ಹಾಜರಿ ಪುಸ್ತಕ ಮುಂದ ಇಟ್ಟು ಈ ಹುಡುಗ ಮುಂದಿನ ವರ್ಷ ಪರೀಕ್ಷಾಕ್ಕೇ ಕೂಡದಂಗ ಆಗ್ತದ ಸರ್ ಅನ್ರಿ. ಸ್ಟಾಫ್ ರೂಮಿನಾಗ "ಏನಲೇ ಹುಡುಗಿ" ಅಂತ ಪ್ರೀತಿಯಿಂದ ಅನ್ನೋ ಮಾಸ್ತರು ಇದ್ರ ಅವ್ರಿಗೂ ಹೇಳ್ರಿ, ಹುಡುಗ್ರು ಕಲಿಯೋದು ಅಲ್ಲಿಂದೇ, ಈ ಮಾತು ಹೇಳೋದು ಎಲ್ಲಕ್ಕಿಂತ ಕಷ್ಟ, ಆದ್ರೂ ಹೇಳ್ರಿ.

ಮತ್ತ ಆ ಹುಡುಗ ಈ ವಾರನೂ ಬರ್ಲಿಲ್ಲಂದ್ರ ಮನಿಗೆ ಹೋಗ್ರಿ, ಹಾಜರಿ, ಪಾಠ, ಬಿಸಿಯೂಟ ಇಷ್ಟೇ ಮಾತಾಡ್ರಿ. ಮಂದಿ ಅವಗ ಏನಂತಾರ ಅನ್ನೋದು ಅಪ್ಪನ ಕಿವಿಗೆ ನಿಮ್ಮ ಬಾಯಿಂದ ಬೀಳಬಾರ್ದು, ಇಂಥ ಸುದ್ದಿ ಗೊತ್ತಾಗಿ ಹೊಡತ ತಿಂದ ಹುಡುಗ್ರು, ಸಾಲಿ ಬಿಡಿಸಿ ಲಗ್ನ ಮಾಡಿಸಿಕೊಂಡ ಹುಡುಗ್ಯಾರು ಎರಡೂ ನಮ್ಮ ಕಡಿ ಆಗ್ಯಾವ. ಮನ್ಯಾಗ ಏನ್ ಹೇಳಬೇಕು, ಯಾವಾಗ ಹೇಳಬೇಕು ಅನ್ನೋದು ಅವನಿಗೇ ಬಿಡ್ರಿ.