ಕೂಡಿದರೂ ಕಡಿಮೆಯಾಗುವುದು ಹೇಗೆ?

ಪ್ರಶ್ನೆ: ಮಗಳು ಏಳನೇ ತರಗತಿ. ‘ಕೂಡಿದರೆ ಜಾಸ್ತಿ ಆಗ್ಬೇಕಲ್ವಾ ಅಮ್ಮ, 7 + (−10) ಅಂದ್ರೆ −3 ಹೇಗೆ?’ ಅಂತಾಳೆ. −8 + (−5) = −13 ತೋರಿಸಿದರೆ, ‘ಇಲ್ಲಿ 8 ಹೋಗಿ 13 ಆಯ್ತು, ಜಾಸ್ತೀನೇ ಆಯ್ತಲ್ಲ’ ಅಂತಾಳೆ. ಏನು ಹೇಳಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅವಳ ಎರಡನೇ ಮಾತು ತಪ್ಪೇನಲ್ಲ, ಅರ್ಧ ಸರಿ. ಬೆಳೆದದ್ದು ಸಂಖ್ಯೆಯ ಬೆಲೆಯಲ್ಲ, ಸೊನ್ನೆಯಿಂದ ಅದಕ್ಕಿರುವ ದೂರ. ‘ಜಾಸ್ತಿ ಆಯ್ತಾ?’ ಎಂದು ಒಂದೇ ಪ್ರಶ್ನೆ ಕೇಳಿದರೆ ಈ ಎರಡೂ ಕಲಸಿಹೋಗುತ್ತವೆ.

ಬೆಲೆಯ ವಿಚಾರ ಸರಳ. ಸಂಖ್ಯಾರೇಖೆಯ ಮೇಲೆ ಧನ ಸಂಖ್ಯೆ ಕೂಡಿದರೆ ಬಲಕ್ಕೆ, ಋಣ ಸಂಖ್ಯೆ ಕೂಡಿದರೆ ಎಡಕ್ಕೆ. ಎಲ್ಲಿಂದ ಹೊರಟರೂ ಅಷ್ಟೇ. ಆದ್ದರಿಂದ −8ಕ್ಕೆ −5 ಕೂಡಿದಾಗ ಬೆಲೆ ಇಳಿಯಿತು; −8ಕ್ಕೆ 5 ಕೂಡಿ −3 ಬಂದಾಗ ಏರಿತು. ಎಂಟು ರೂಪಾಯಿ ಸಾಲದಲ್ಲಿ ಐದು ತೀರಿಸಿದವನ ಕೈಯಲ್ಲಿ ಕಾಸಿಲ್ಲದಿರಬಹುದು, ಆದರೂ ಅವನು ಮೊದಲಿಗಿಂತ ಮೇಲು ತಾನೆ?

ದೂರದ ವಿಚಾರ ಹೆಚ್ಚು ಸ್ವಾರಸ್ಯಕರ. ಚಿಹ್ನೆ ಒಂದೇ ಆಗಿದ್ದರೆ ದೂರ ಬೆಳೆಯುತ್ತದೆ. ಬೇರೆಯಾಗಿದ್ದರೆ ಮೊದಲು ಸೊನ್ನೆಯ ಕಡೆಗೇ ಸರಿಯಬೇಕು; ಸಾಕಷ್ಟು ಕೂಡಿದರೆ ಸೊನ್ನೆ ದಾಟಿ ಆಚೆ ದೂರವಾಗತೊಡಗುತ್ತದೆ. 5 + (−8) = −3, ದೂರ ತಗ್ಗಿತು. 5 + (−10) = −5, ಇದ್ದಷ್ಟೇ. 5 + (−11) = −6, ಬೆಳೆಯಿತು. ಅಂದರೆ ಚಿಹ್ನೆ ಬೇರೆಯಾಗಿದ್ದಾಗ ದೂರ ಬೆಳೆಯುವುದು, ಸೊನ್ನೆಯಿಂದ ಕೂಡುವ ಸಂಖ್ಯೆಗಿರುವ ದೂರ ಮೊದಲಿನದರ ದೂರದ ಎರಡು ಪಟ್ಟು ಮೀರಿದಾಗ ಮಾತ್ರ. ಇದನ್ನು ತರಗತಿಯಲ್ಲಿ ಹೇಳುವವರು ಕಡಿಮೆ.

ಗೊಂದಲಕ್ಕೆ ನಾವು ಬಾಯಿಪಾಠ ಮಾಡಿಸುವ ಸೂತ್ರವೂ ಕಾರಣ: ‘ಚಿಹ್ನೆ ಬೇರೆಯಾದರೆ ಕಳೆದು, ದೊಡ್ಡ ಸಂಖ್ಯೆಯ ಚಿಹ್ನೆ ಹಾಕು.’ 7 ಮತ್ತು −10ರಲ್ಲಿ ದೊಡ್ಡದು 7! ಸೂತ್ರವನ್ನು ಅಕ್ಷರಶಃ ನಂಬಿದ ಮಗು +3 ಬರೆದರೆ ಅದನ್ನು ಬೈಯುವ ಹಾಗಿಲ್ಲ. ‘ಸೊನ್ನೆಯಿಂದ ಹೆಚ್ಚು ದೂರ ಇರುವುದರ ಚಿಹ್ನೆ’ ಎಂದು ತಿದ್ದಿ ಹೇಳಿಕೊಡಿ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಕೊಟ್ಟ ನಿಯಮವೂ ಇದೇ ದಾರಿಯದು: ಧನ–ಋಣ ಕೂಡಿದರೆ ಅವುಗಳ ಅಂತರ, ಸಮವಾಗಿದ್ದರೆ ಸೊನ್ನೆ.

ಮುಂದಿನ ಸಲ ಉತ್ತರ ಬರೆಯುವ ಮುಂಚೆಯೇ ಅವಳನ್ನು ಎರಡು ಪ್ರಶ್ನೆ ಕೇಳಿ: ಬಲಕ್ಕೋ ಎಡಕ್ಕೋ? ಸೊನ್ನೆ ದಾಟುತ್ತದೋ ಇಲ್ಲವೋ? ಅದು ಸಲೀಸಾದ ಮೇಲೆ ಇದನ್ನು ಕೊಡಿ: −6ಕ್ಕೆ ಏನು ಕೂಡಿದರೆ ಸೊನ್ನೆಯಿಂದ ದೂರ ಬದಲಾಗುವುದಿಲ್ಲ? ಸೊನ್ನೆ ಎಂದು ತಟ್ಟನೆ ಹೇಳುತ್ತಾಳೆ. ಇನ್ನೊಂದು ಉತ್ತರವೂ ಇದೆ, 12. ಅದನ್ನು ಅವಳೇ ಹುಡುಕಲಿ.