ಮೋನಾಲಿಸಾ: ಪ್ರಿಂಟಿನಲ್ಲಿ ಕಾಣದ್ದು

ಪ್ರಶ್ನೆ: ಕ್ಯಾಲೆಂಡರ್, ಮಗ್, ಟೀ-ಶರ್ಟ್, ಎಲ್ಲಿ ನೋಡಿದರೂ ಮೋನಾಲಿಸಾ. ನೋಡಿ ನೋಡಿ ಸಾಕಾಗಿದೆ. ಅಂಥಾದ್ದೇನಿದೆ ಅದರಲ್ಲಿ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಆ ಚಿತ್ರದ ಖ್ಯಾತಿಯಲ್ಲಿ ದೊಡ್ಡ ಪಾಲು 1911ರ ಕಳ್ಳತನದ್ದು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಿಂದ ಕಾಣೆಯಾದ ಚಿತ್ರ 1913ರಲ್ಲಿ ಸಿಗುವಷ್ಟರಲ್ಲಿ ಪತ್ರಿಕೆಗಳು ಆ ಮುಖವನ್ನು ಮನೆಮನೆಗೆ ಮುಟ್ಟಿಸಿದ್ದವು. ಉಳಿದದ್ದನ್ನು ವ್ಯಾಪಾರಿಗಳು ನೋಡಿಕೊಂಡರು.

ನಿಮಗೆ ಸಾಕಾಗಿರುವುದು ಪ್ರಿಂಟು. ಮೂಲ ಚಿತ್ರ 77 × 53 ಸೆಂ.ಮೀ. ಅಳತೆಯ ಪಾಪ್ಲರ್ ಮರದ ಹಲಗೆಯ ಮೇಲಿದೆ. ತುಟಿಯ ತುದಿ, ಕಣ್ಣಂಚುಗಳಲ್ಲಿ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ ಗೆರೆಯನ್ನೇ ಎಳೆದಿಲ್ಲ. ಎಣ್ಣೆಬಣ್ಣದ ಅತಿ ತೆಳು ಪದರಗಳನ್ನು ಒಂದರ ಮೇಲೊಂದು ಹಾಕಿ ನೆರಳನ್ನು ಕರಗಿಸಿದ್ದಾನೆ. ಅದನ್ನು ನಾಲ್ಕು ಬಣ್ಣದ ಚುಕ್ಕಿಗಳಲ್ಲಿ ಮುದ್ರಿಸಿ, ಎದ್ದು ಕಾಣಲೆಂದು ಕಾಂಟ್ರಾಸ್ಟ್ ಏರಿಸಿದರೆ ನೆರಳು ಕಪ್ಪು ಗೆರೆಯಾಗುತ್ತದೆ, ನಗು ಬಿಗಿಯುತ್ತದೆ. ವಾರ್ನಿಷ್ ಹಳದಿಗಟ್ಟಿದ್ದನ್ನು ಅವಳ ಮೈಬಣ್ಣ ಅಂದುಕೊಂಡವರೂ ಇದ್ದಾರೆ!

ಮುಖವನ್ನು ಅಂಗೈಯಿಂದ ಮುಚ್ಚಿ ನೋಡಿ. ಹಿನ್ನೆಲೆಯ ದಿಗಂತ ನಮ್ಮ ಎಡಕ್ಕೆ ತಗ್ಗು, ಬಲಕ್ಕೆ ಎತ್ತರ. ಎರಡೂ ಅಂಚಿನಲ್ಲಿ ಕಂಬದ ಬುಡ ಇಣುಕುತ್ತದೆ. ಅಗ್ಗದ ಪ್ರಿಂಟುಗಳಲ್ಲಿ ಕತ್ತರಿಗೆ ಮೊದಲು ಬಲಿಯಾಗುವುದು ಅದೇ. ಆಮೇಲೆ ಅವಳು ಮೊಗಸಾಲೆಯಲ್ಲಿ ಕೂತಿದ್ದಾಳೆಂದು ತಿಳಿಯುವುದೇ ಇಲ್ಲ. ಮನೆಗೆ ಬೇಕೇ ಬೇಕೆಂದರೆ ಮೂಲದ ಅಳತೆಯಲ್ಲೇ, ಮ್ಯಾಟ್ ಕಾಗದದಲ್ಲಿ ತೆಗೆಸಿ. ಗ್ಲಾಸಿ ಬೇಡ, ಟ್ಯೂಬ್‌ಲೈಟಿನ ಹೊಳಪಿಗೆ ನೆರಳೆಲ್ಲ ಮಾಯ.