ಫೆಂಡರ್ ಕತ್ತರಿಸಬೇಡಿ, ಸ್ಪ್ರಿಂಗ್ ಕಳಚಿ ನೋಡಿ

ಟಯರ್ ತಾಗುತ್ತದೆ, ಫೆಂಡರ್ (ಚಕ್ರದ ಮೇಲಿನ ತಗಡು) ಅಂಚನ್ನು ಗ್ರೈಂಡರ್‌ನಿಂದ ಕತ್ತರಿಸುತ್ತೇನೆ ಎಂದು ಬರೆದಿದ್ದೀರಿ. ಮೊದಲು ಆ ಗ್ರೈಂಡರ್ ಕೆಳಗಿಡಿ. 40 ಮಿ.ಮೀ. ಇಳಿಸಿದ ಕಾರಿನಲ್ಲಿ 195/55 ಆರ್16 ಟಯರ್ (ಅಗಲ ಮಿ.ಮೀ.ನಲ್ಲಿ, ಪಕ್ಕದ ಎತ್ತರ ಅಗಲದ ಶೇಕಡಾವಾರು, ರಿಮ್ ವ್ಯಾಸ ಇಂಚಿನಲ್ಲಿ) ತೆಗೆದು 215/45 ಆರ್17 ಹಾಕಿದ್ದೀರಿ. ಹಿಂದೆ ಇಬ್ಬರು ಕುಳಿತರೆ ಟಯರ್ ಉಜ್ಜುತ್ತದೆ, ಆದ್ದರಿಂದ ಟಯರ್ ಎತ್ತರವಾಯಿತು ಎನ್ನುತ್ತೀರಿ. ಲೆಕ್ಕ ಹಾಕಿದ್ದೀರಾ? ಹಳೆಯದರ ವ್ಯಾಸ ಸುಮಾರು 621 ಮಿ.ಮೀ., ಹೊಸದರದು 625. ಮೇಲ್ಗಡೆ ಹೆಚ್ಚಿದ್ದು ಎರಡೇ ಮಿ.ಮೀ. ತಕರಾರು ಇರುವುದು ಅಗಲದಲ್ಲಿ, ರಿಮ್‌ನ ನಡುಗೆರೆಗೂ ಅದು ಹಬ್‌ಗೆ (ಚಕ್ರ ಕೂರುವ ನಡುಭಾಗಕ್ಕೆ) ಒರಗುವ ಮುಖಕ್ಕೂ ಇರುವ ದೂರದಲ್ಲಿ, ಅಂದರೆ ಆಫ್‌ಸೆಟ್‌ನಲ್ಲಿ.

6ಜೆ ಇಟಿ45 (6 ಇಂಚು ಅಗಲ, 45 ಮಿ.ಮೀ. ಆಫ್‌ಸೆಟ್) ರಿಮ್ ಇದ್ದ ಕಡೆ 7.5ಜೆ ಇಟಿ38 ಕೂರಿಸಿದ್ದೀರಿ. ರಿಮ್‌ನ ಒಳ ಅಂಚು 12 ಮಿ.ಮೀ. ಒಳಕ್ಕೆ ಹೋಯಿತು, ಹೊರ ಅಂಚು 26 ಮಿ.ಮೀ. ಆಚೆ ಬಂತು. ಮುಂದೆ ಸ್ಟ್ರಟ್‌ಗೆ (ಸ್ಪ್ರಿಂಗ್, ಡ್ಯಾಂಪರ್ ಕೂಡಿದ ಕಂಬಕ್ಕೆ) ತಾಗುತ್ತದೆ ಎಂದು ಹಬ್‌ಗೂ ರಿಮ್‌ಗೂ ನಡುವೆ 5 ಮಿ.ಮೀ. ಬಿಲ್ಲೆ, ಅಂದರೆ ಸ್ಪೇಸರ್ ಹಾಕಿದಿರಿ, ಚೆನ್ನಾಗಿ ಕಾಣಲಿ ಎಂದು ಹಿಂದೆಯೂ ಹಾಕಿದಿರಿ. ಈಗ ಹೊರಗೆ 31. ಇನ್ನು ಉಜ್ಜದೆ ಏನು ಮಾಡುತ್ತದೆ? ಇದೇ ಹಾದಿಯಲ್ಲಿ ನಾನೂ ಒಂದು ಜೋಡಿ ಟಯರ್ ಕಳೆದುಕೊಂಡವನು, ಅದಕ್ಕೇ ಈ ಗದರಿಕೆ.

ನಿಂತ ಕಾರಿನಲ್ಲಿ ಟಯರ್ ಮತ್ತು ಫೆಂಡರ್ ನಡುವೆ ಎರಡು ಬೆರಳು ತೂರಿತು ಎಂಬ ಅಳತೆಯನ್ನು ನಂಬಬೇಡಿ. ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂಚಕ್ರಗಳನ್ನು ಜೋಡಿಸುವ ಒಂದೇ ತೊಲೆ) ಇದ್ದರೆ ಕೆಲಸ ಸುಲಭ: ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಡ್ಯಾಂಪರ್‌ಗಳ (ಶಾಕ್ ಅಬ್ಸಾರ್ಬರ್) ಕೆಳಗಿನ ಬೋಲ್ಟ್ ಬಿಚ್ಚಿ, ಬೀಮ್ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಬ್ರೇಕ್ ಹೋಸ್ ಜಗ್ಗದಂತೆ ನೋಡಿಕೊಳ್ಳಿ. ಬಂಪ್ ಸ್ಟಾಪ್ (ಚಕ್ರ ತೀರಾ ಮೇಲೇರದಂತೆ ತಡೆಯುವ ರಬ್ಬರ್) ಇದ್ದಲ್ಲೇ ಇರಲಿ. ಡ್ಯಾಂಪರ್ ಮತ್ತೆ ಕಟ್ಟಿ, ಚಕ್ರ ಹಾಕಿ, ಬಂಪ್ ಸ್ಟಾಪ್ ಒತ್ತುವವರೆಗೆ ಜ್ಯಾಕ್‌ನಿಂದ ಎತ್ತಿ. ಫೆಂಡರಿನ ಒಳ ಅಂಚಿಗೆ ಸೀಮೆಸುಣ್ಣ ಬಳಿದು ಚಕ್ರವನ್ನು ಕೈಯಿಂದ ತಿರುಗಿಸಿ. ಟಯರಿನ ಭುಜದ ಮೇಲೆ ಬಿಳಿ ಗೆರೆ ಮೂಡಿದರೆ ಸಾಕ್ಷಿ ಸಿಕ್ಕಿತು. ಎರಡೂ ಬದಿ ಒಟ್ಟಿಗೆ ಎತ್ತಿ ಒಮ್ಮೆ, ಒಂದೇ ಬದಿ ಎತ್ತಿ ಇನ್ನೊಮ್ಮೆ ನೋಡಿ. ರಸ್ತೆಯ ಗುಂಡಿಯಲ್ಲಿ ಆ ರಬ್ಬರ್ ಇನ್ನೂ ಕುಗ್ಗುತ್ತದೆ, ಹಾಗಾಗಿ ಒಂದು ಬೆರಳಿನಷ್ಟು ಜಾಗ ಮೇಲೆ ಉಳಿದಿರಲೇಬೇಕು.

ಮುಂದೆಯೂ ಹೀಗೇ ನೋಡಬೇಕು, ಆದರೆ ಸ್ಟ್ರಟ್ ಸ್ಪ್ರಿಂಗ್ ತೆಗೆಯಲು ಅದನ್ನು ಒತ್ತಿಹಿಡಿಯುವ ಕಂಪ್ರೆಸರ್ ಬೇಕು. ಅಭ್ಯಾಸವಿಲ್ಲದಿದ್ದರೆ ಗ್ಯಾರೇಜಿಗೆ ಕೊಡಿ, ಒತ್ತಿಟ್ಟ ಸ್ಪ್ರಿಂಗ್ ಸಿಡಿದರೆ ಮೂಳೆ ಮುರಿಯುತ್ತದೆ. ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಲಿಂಕ್ ಬಿಚ್ಚಿ, ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ ನೋಡಿ. ಇನ್ನೊಂದು ವಿಷಯ: ಇಳಿಸಿದ ಸ್ಟ್ರಟ್ ಕಾರಿನಲ್ಲಿ ಚಕ್ರ ಮೇಲೇರುವಾಗ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಅದು ಡಬಲ್ ವಿಶ್‌ಬೋನ್‌ನವರ (ಮೇಲೊಂದು ಕೆಳಗೊಂದು ತೋಳಿರುವ ಸಸ್ಪೆನ್ಷನ್) ಭಾಗ್ಯ.

ನಾನಾದರೆ 7ಜೆ ಇಟಿ42, 205/45 ಆರ್17 ಹಾಕುತ್ತಿದ್ದೆ. ಹಳೆಯ ರಿಮ್‌ಗಿಂತ ಹೊರಗೆ 16 ಮಿ.ಮೀ., ಒಳಗೆ 10, ಟಯರ್ ವ್ಯಾಸ 616; ಮುಂದೆ ಸ್ಟ್ರಟ್ ಕಡೆ ಮಾತ್ರ ಅಳೆದೇ ಕೊಳ್ಳಿ. ಈ ಅಳತೆಯಲ್ಲಿ ಲೋಡ್ ಇಂಡೆಕ್ಸ್ (ಟಯರ್ ಹೊರಬಲ್ಲ ಭಾರದ ಅಂಕಿ) 84 ಇರುವುದೂ ಸಿಗುತ್ತದೆ, 88 ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಬಗೆ) ಕೂಡ ಸಿಗುತ್ತದೆ. ನಿಮ್ಮ ಹಳೆಯದು 87 ಆಗಿದ್ದರೆ ಅದು ಹೊರುತ್ತಿದ್ದದ್ದು 545 ಕಿಲೊ. 84 ಎಂದರೆ 500. ಅಂಗಡಿಯವನು ಏನೇ ಹೇಳಲಿ, 88 ಕೇಳಿ ತೆಗೆದುಕೊಳ್ಳಿ, ಗಾಳಿ ತುಸು ಹೆಚ್ಚಿಡಿ.

ಒಂದೇ ಅಳತೆ ಬರೆದಿದ್ದರೂ ಎಲ್ಲ ಕಂಪನಿಗಳ ಟಯರ್ ಒಂದೇ ಅಗಲ ಇರುವುದಿಲ್ಲ, ಭುಜದ ಆಕಾರವಂತೂ ಬೇರೆಯೇ. ಇಳಿಸಿದ ಕಾರಿಗೆ ನನ್ನ ಒಲವು ಮಿಶೆಲಿನ್ ಕಡೆಗೆ. ರಿಮ್ ಎನ್ಕೈ ಕಂಪನಿಯದಾದರೆ ಕಣ್ಣು ಮುಚ್ಚಿ ಕೊಳ್ಳುತ್ತೇನೆ. ಜೆಡಬ್ಲ್ಯುಎಲ್ (ಜಪಾನಿನ ರಿಮ್ ಮಾನದಂಡ) ಗುರುತಾಗಲಿ ಲೋಡ್ ಅಂಕಿಯಾಗಲಿ ಇಲ್ಲದ ನಕಲು ರಿಮ್ ಬೇಡವೇ ಬೇಡ.

ಸ್ಪೇಸರ್ ಉಳಿಸಿಕೊಳ್ಳುವ ಹಟವಿದ್ದರೆ ನಟ್ ಎಷ್ಟು ಸುತ್ತು ಹಿಡಿಯುತ್ತದೆ ಎಣಿಸಿ. 12×1.5 (12 ಮಿ.ಮೀ. ದಪ್ಪ, ಸುತ್ತಿಗೆ 1.5 ಮಿ.ಮೀ.) ಸ್ಟಡ್‌ಗೆ ಕನಿಷ್ಠ ಎಂಟು ಸುತ್ತು. ರಿಮ್ ನಡುವಿನ ತೂತು ಹಬ್ ತುಟಿಯ (ಹಬ್ ನಡುವಿನ ಉಬ್ಬು ಅಂಚಿನ) ಮೇಲೆ ಕೂರುತ್ತಿದೆಯೇ ನೋಡಿ. ಸ್ಪೇಸರ್ ಆ ತುಟಿಯನ್ನೇ ನುಂಗಿದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಹೊಸ ರಿಮ್ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಟಾರ್ಕ್ ವ್ರೆಂಚ್‌ನಿಂದ ಮತ್ತೆ ಬಿಗಿ ಮಾಡಿ.

ಇಷ್ಟಾದ ಮೇಲೂ ಹಿಂದೆ ತಾಗಿದರೆ ಫೆಂಡರ್ ತುಟಿಯನ್ನು ಹೀಟ್ ಗನ್‌ನಿಂದ ಬಿಸಿ ಮಾಡಿ ಮಡಚಿಸಿ. ಕತ್ತರಿಸಿದರೆ ಎರಡು ತಗಡು ಸೇರುವ ಬೆಸುಗೆ ಬಿಚ್ಚಿಕೊಂಡು ತುಕ್ಕಿಗೆ ದಾರಿಯಾಗುತ್ತದೆ.

ನಿಮ್ಮ ಚಿತ್ರದಲ್ಲಿ ಮುಂದಿನ ಟಯರ್ ಒಳಬದಿ ಆಗಲೇ ಸವೆದಿದೆ. ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು) ಎಂದು ದೂರುವ ಮೊದಲು ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ನೋಡಿ. ಕಾರು ಇಳಿಸಿದಾಗ ಅದೂ ಬದಲಾಗುತ್ತದೆ, ಹೆಚ್ಚು ತಿನ್ನುವುದೂ ಅದೇ. ಅಲೈನ್‌ಮೆಂಟ್ ಕಾಗದ ಇದ್ದರೆ ಇಲ್ಲಿ ಹಾಕಿ.